ಉಪವಾಸಕ್ಕೆ ನಡೆಯುವ ಐಸ್‌ಕ್ಯಾಂಡಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಐದಾರು ವರ್ಷಗಳ ಹಿಂದಿನ ಮಾತಷ್ಟೇ, ಆದರೂ ಈಗಲೇ ಅಂಚುಗಳು ಸವೆದಿವೆ. ಆ ವರ್ಷದ ಶಿವರಾತ್ರಿ ಸೋಮವಾರವೇ ಬಂದಿತ್ತೆಂದು ನಾನು ಬಹಳ ಜನರಿಗೆ ಹೇಳಿದ್ದೇನೆ. ಸೋಮವಾರವಾದರೆ ಕಥೆ ಇನ್ನೂ ಚೆನ್ನಾಗಿರುತ್ತದೆ, ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಚರಂಡಿಯಲ್ಲಿ ಹರಿದ ನೀರು ಕೆಂಪಗಿತ್ತು ಎಂದು ಕಣ್ಣು ಹೇಳುತ್ತದೆ, ಕಿತ್ತಳೆ ಬಣ್ಣದ್ದು ಎಂದು ದಿನಚರಿ ಹೇಳುತ್ತದೆ. ದಿನಚರಿ ಬರೆದವಳೂ ನಾನೇ, ಅದೂ ಸಿಟ್ಟಿನಲ್ಲಿ ಕೂತು ಬರೆದವಳು. ಹಾಗಾಗಿ ಅದನ್ನೂ ಪೂರ್ತಿ ನಂಬುವುದಿಲ್ಲ. ಬೀಕರಿನಲ್ಲಿ ಕಂಡ ನೇರಳೆ ಬಣ್ಣದ ಬಗ್ಗೆ ಮಾತ್ರ ಅನುಮಾನವಿಲ್ಲ. ಅದನ್ನು ಮೂರು ಸಲ ನೋಡಿದ್ದೇನೆ.

ನಾನು ಕೆಲಸ ಮಾಡುತ್ತಿದ್ದ ಐಸ್‌ಕ್ಯಾಂಡಿ ಕಾರ್ಖಾನೆ ಮುಂಬೈಯ ಸಾಂತಾಕ್ರೂಜ್ ಪೂರ್ವದಲ್ಲಿ, ವಿಮಾನ ನಿಲ್ದಾಣದ ಗೋಡೆಗೆ ಹತ್ತಿರ ಇತ್ತು. ವಿಮಾನ ಇಳಿಯುವಾಗ ನನ್ನ ಮೇಜಿನ ಮೇಲಿನ ಬೀಕರುಗಳು ಒಂದಕ್ಕೊಂದು ತಾಗಿ ಚಳಿಗೆ ಹಲ್ಲು ಕಡಿಯುವ ಹಾಗೆ ಸದ್ದು ಮಾಡುತ್ತಿದ್ದವು. ಪ್ರಯೋಗಶಾಲೆ ಎನ್ನುವುದು ದೊಡ್ಡ ಮಾತಾಯಿತು. ಶೀತಕೋಣೆಯ ಮಗ್ಗುಲಿಗೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಒಂದು ತಕ್ಕಡಿ, ಒಂದು ಗ್ಯಾಸ್ ಒಲೆ, ಒಂದಿಷ್ಟು ಗಾಜು. ಅಲ್ಲಿದ್ದ ಕೆಮಿಸ್ಟ್ ನಾನೊಬ್ಬಳೇ.

ಕೆಲಸ ಕೊಡಿಸಿದವರು ಕಾಕಾ, ನಮ್ಮ ತಂದೆಯ ತಮ್ಮ. ಧಾರವಾಡದಿಂದ ಬಂದು ಎಷ್ಟೋ ವರ್ಷ ಮಸೀದಿ ಬಂದರ್ ಪೇಟೆಯ ಒಂದು ಅಂಗಡಿಯಲ್ಲಿ ದುಡಿದು, ಆ ಹೊತ್ತಿಗೆ ಅದರ ವ್ಯವಹಾರವನ್ನೆಲ್ಲ ನೋಡಿಕೊಳ್ಳುವಷ್ಟಾಗಿದ್ದರು. ಸೋಡಾ, ಶರಬತ್ತು, ಐಸ್ ಕಾರ್ಖಾನೆಗಳಿಗೆ ಬಣ್ಣ, ಎಸೆನ್ಸ್, ಸಿಟ್ರಿಕ್ ಆಸಿಡ್, ಗೋಂದು ಮಾರುವ ಅಂಗಡಿ ಅದು. ಮಾಲೀಕರು ಬೇರೆಯವರಾದರೂ ಕಾಕಾ ಅದನ್ನು ‘ನಮ್ಮ ಅಂಗಡಿ’ ಎಂದೇ ಕರೆಯುತ್ತಿದ್ದರು. ನಾನು ಮಾಟುಂಗದಲ್ಲಿ ಅವರ ಮನೆಯಲ್ಲೇ ಇದ್ದೆ. ಗಿರಾಕಿಗೆ ಇಲ್ಲ ಎನ್ನುವುದು ಅವರಿಗೆ ಬರುತ್ತಿರಲಿಲ್ಲ. ಮನೆಯಲ್ಲಿಯೂ ಅಷ್ಟೇ, ಇಲ್ಲ ಎನ್ನುವ ಕೆಲಸವನ್ನು ಹೆಂಡತಿಗೆ, ನಮ್ಮ ಕಾಕೂಗೆ ಬಿಟ್ಟಿದ್ದರು.

ಹಣ್ಣಿನ ಐಸ್‌ಕ್ಯಾಂಡಿ ಎಂದು ನಾವು ಮಾರುತ್ತಿದ್ದ ವಸ್ತುವಿನಲ್ಲಿ ಹಣ್ಣು ಇರಲಿಲ್ಲ. ನೀರು, ಸಕ್ಕರೆ, ಹುಳಿಗೆ ಸಿಟ್ರಿಕ್ ಆಸಿಡ್, ವಾಸನೆಗೆ ಎಸೆನ್ಸ್, ಕಣ್ಣಿಗೆ ಬಣ್ಣ, ಇವನ್ನೆಲ್ಲ ಹಿಡಿದಿಡಲು ಒಂದಿಷ್ಟು ಗೋಂದು. ಕೊನೆಯದು ಮುಖ್ಯ. ಗೋಂದಿಲ್ಲದ ಕ್ಯಾಂಡಿಯನ್ನು ನಾಲ್ಕು ಸಲ ಚೀಪಿದರೆ ಸಿಹಿಯೂ ಬಣ್ಣವೂ ಬಾಯಿಗೆ ಬಂದುಬಿಡುತ್ತವೆ, ಕಡ್ಡಿಯ ಮೇಲೆ ಬೆಳ್ಳಗಿನ ಬರಿಯ ಐಸು ಉಳಿಯುತ್ತದೆ. ಮಕ್ಕಳು ಅದನ್ನು ರಸ್ತೆಗೆ ಎಸೆದು ಹೋಗುತ್ತಾರೆ. ರಾಸ್‌ಬೆರಿ ನಮ್ಮಲ್ಲಿ ಹೆಚ್ಚು ಮಾರಾಟವಾಗುತ್ತಿದ್ದ ಬಗೆ. ರಾಸ್‌ಬೆರಿ ಎಂಬ ಹಣ್ಣನ್ನು ನಾನಾಗಲಿ, ಕಾರ್ಖಾನೆಯ ಮಾಲೀಕರಾಗಲಿ, ಅದನ್ನು ಚೀಪುತ್ತಿದ್ದ ಮಕ್ಕಳಾಗಲಿ ಕಂಡಿರಲಿಲ್ಲ.

ಸೇರಿದ ಹೊಸದರಲ್ಲೇ ಒಂದು ಜಗಳ ಗೆದ್ದಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಯಾರೋ ಒಂದು ಡಬ್ಬಿ ಕೆಂಪು ತಂದಿದ್ದರು. ಕಾಕೂ ಸ್ವೆಟರ್ ಹೆಣೆಯುವ ಬಿಳಿ ಉಣ್ಣೆಯ ಎಳೆಯೊಂದನ್ನು ತಂದು, ಆ ಬಣ್ಣದ ನೀರಿಗೆ ಚೂರು ಆಸಿಡ್ ಹಾಕಿ, ಎಳೆಯನ್ನು ಅದರಲ್ಲಿ ಕುದಿಸಿದೆ. ಉಣ್ಣೆ ಬಣ್ಣವನ್ನು ಹೀರಿತು. ಅಮೋನಿಯಾದಲ್ಲಿ ಅದನ್ನು ಬಿಡಿಸಿ, ಶೋಧಕ ಕಾಗದದ ಪಟ್ಟಿಯ ಮೇಲೆ ಒಂದು ಚುಕ್ಕೆ ಇಟ್ಟೆ. ಪಕ್ಕದಲ್ಲಿ ತಿನ್ನಲು ಅನುಮತಿ ಇರುವ ಕೆಂಪುಗಳ ಚುಕ್ಕೆಗಳು. ದ್ರಾವಣ ಕಾಗದವನ್ನು ಏರಿದಂತೆ ಅವೆಲ್ಲ ತಂತಮ್ಮ ಎತ್ತರಕ್ಕೆ ನಿಂತವು. ನಮ್ಮದು ಯಾವುದರ ಸಾಲಿಗೂ ಬರದೆ ಬೇರೆಲ್ಲೋ ಹೋಗಿ ನಿಂತಿತು, ಬಟ್ಟೆ ಅದ್ದುವ ಬಣ್ಣ. ಮಾಲೀಕರು ಆ ಡಬ್ಬಿಯನ್ನು ಎಸೆಯಿಸಿದರು. ಅಷ್ಟೇ ಅಲ್ಲ, ಶೀತಕೋಣೆಗೆ ಎರಡು ಬೀಗ ಹಾಕಿಸಿ ಒಂದರ ಕೀಲಿಯನ್ನು ಸೂಪರ್‌ವೈಸರಿಗೆ, ಇನ್ನೊಂದನ್ನು ನನಗೆ ಕೊಟ್ಟರು. ಇಬ್ಬರೂ ಒಪ್ಪಿದರೆ ಮಾತ್ರ ಮಾಲು ಹೊರಗೆ. ಆ ಕೀಲಿಯನ್ನು ನಾನು ಪದವಿಗಿಂತ ದೊಡ್ಡದೆಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದೆ.

ಚಳಿಗಾಲದಲ್ಲಿ ಮಾಲೀಕರಿಗೆ ಒಂದು ಯೋಚನೆ ಬಂತು. ಮುಂಬೈಯಲ್ಲಿ ಶಿವರಾತ್ರಿಯ ಹೊತ್ತಿಗೆ ಸೆಕೆ ಶುರುವಾಗುತ್ತದೆ, ಗುಡಿಗಳ ಮುಂದೆ ಜನ ಸಾಲು ನಿಲ್ಲುತ್ತಾರೆ. ಎಲ್ಲರಿಗೂ ಉಪವಾಸ, ಎಲ್ಲರಿಗೂ ಬಾಯಾರಿಕೆ. ಉಪವಾಸಕ್ಕೆ ನಡೆಯುವಂಥ ಕ್ಯಾಂಡಿ ಮಾಡಿದರೆ? ಸಾಬುದಾಣಿ ಖಿಚಡಿ ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಐಸು ಯಾಕೆ ನಡೆಯಬಾರದು?

ನಾನು ಒಂದು ಶರತ್ತು ಹಾಕಿದೆ. ಇದರಲ್ಲಿ ನಿಜವಾದ ಹಣ್ಣು ಇರಬೇಕು, ಒಳಗೆ ಏನೇನು ಇದೆ ಎಂದು ಹೊದಿಕೆಯ ಮೇಲೆ ಅಚ್ಚು ಹಾಕಿಸಬೇಕು. ನಮ್ಮಂಥ ಸಣ್ಣ ಕಾರ್ಖಾನೆಗಳಲ್ಲಿ ಹಾಗೆ ಬರೆಯುವ ರೂಢಿ ಇರಲಿಲ್ಲ. ಹಣ್ಣಿನ ಚಿತ್ರ ಇದ್ದರೆ ಸಾಕು, ಹಣ್ಣು ಒಳಗಿದೆ ಎಂದು ಯಾರು ಹೇಳಿದ್ದಾರೆ ಎಂದು ಮಾಲೀಕರು ನಕ್ಕರು. ಆದರೆ ಉಪವಾಸದವರು ಕೇಳಿಯೇ ಕೇಳುತ್ತಾರೆ ಎಂಬುದು ಅವರಿಗೂ ಹೊಳೆಯಿತು. ಒಪ್ಪಿದರು.

ಉಪವಾಸಕ್ಕೆ ಯಾವುದು ನಡೆಯುತ್ತದೆ ಎಂಬ ಪ್ರಶ್ನೆಗೆ ನನ್ನ ಪಠ್ಯಪುಸ್ತಕಗಳಲ್ಲಿ ಉತ್ತರ ಇರಲಿಲ್ಲ. ನಾನು ಉಪವಾಸ ಮಾಡುವವಳೂ ಅಲ್ಲ. ಕಾಕೂನನ್ನು ಕೇಳತೊಡಗಿದೆ. ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮೊದಲೇ ಅವರ ಮುಂದೆ ಹೋಗಿ ಒಂದೊಂದೇ ಗೋಂದಿನ ಹೆಸರು ಹೇಳುತ್ತಿದ್ದೆ. ಗೋವಾರ ಗೋಂದು ಎಂದರೆ ಚವಳಿಕಾಯಿ ಬೀಜದ್ದು ಎಂದಾಗ ಕಾಕೂ ತಲೆ ಅಲ್ಲಾಡಿಸಿದರು. “ಬೀಜ ಅಂದ್ರ ಕಾಳಾತು. ಕಾಳು ನಡ್ಯಂಗಿಲ್ಲ.” ಗೊಂಜಾಳದ, ಅಂದರೆ ಮೆಕ್ಕೆಜೋಳದ ಪಿಷ್ಟ ಎಂದಾಗ, “ಹಂಗಾರ ರೊಟ್ಟೀನ ಮಾರ್ರಿ, ಐಸ್ ಯಾಕ?” ಎಂದರು. ಕಾಕಾ ಪೇಪರಿನ ಹಿಂದಿನಿಂದ, ಈ ಊರಿಗೆ ಬಂದ ಮೇಲೆ ಕಲಿತ ಮರಾಠಿ ಗಾದೆ ಹೇಳಿದರು: “ಏಕಾದಶಿ, ದುಪ್ಪಟ ಖಾಶಿ.” ಉಪವಾಸದ ದಿನವೇ ಎರಡು ಪಟ್ಟು ತಿನ್ನುತ್ತಾರೆ ಎಂದು. ಕಾಕೂ ಅವರ ಕಡೆ ನೋಡಲಿಲ್ಲ.

ಸಾಬುದಾಣಿ ನಡೆಯುತ್ತದೆ ಎಂದರು. ಅದರ ಗಂಜಿ ಕಾಯಿಸಿ ನೋಡಿದೆ. ಕ್ಯಾಂಡಿ ಮಬ್ಬಾಯಿತು, ನಾಲಿಗೆಗೆ ಅಂಟಿತು, ಒಂದು ಹಗಲು ಹೊರಗಿಟ್ಟ ಗಂಜಿ ಹುಳಿ ಬಂದು ಗುಳ್ಳೆ ಎದ್ದಿತು. ಕೊನೆಗೆ ಉಳಿದದ್ದು ಚೀನಾ ಗ್ರಾಸ್. ಸಮುದ್ರದ ಪಾಚಿಯಿಂದ ಮಾಡುವ ಬಿಳಿ ಎಳೆಗಳು, ಮುಂಬೈಯ ಅಡುಗೆಮನೆಗಳಲ್ಲಿ ಗಿಣ್ಣಿನಂತೆ ಕಾಣುವ ಹಾಲಿನ ಸಿಹಿಗೆ ಹಾಕುತ್ತಾರೆ. ಪಕ್ಕದ ಮನೆಯ ಗುಜರಾತಿ ಹೆಂಗಸು ಉಪವಾಸದ ದಿನ ಅದನ್ನು ಮಾಡುವುದನ್ನು ಕಾಕೂ ಕಂಡಿದ್ದರು. “ಸಮುದ್ರದ ಹುಲ್ಲು. ನಡೀತದ.” ಎಳೆಗಳ ಕಟ್ಟುಗಳು ಕಾಕಾ ಅಂಗಡಿಯಿಂದಲೇ ಬಂದವು.

ಅದರ ಸ್ವಭಾವ ಒರಟು. ಕುದಿಯುವ ನೀರಿನಲ್ಲಿ ಬಹಳ ಹೊತ್ತು ಕದಡಿದರೆ ಮಾತ್ರ ಕರಗುತ್ತದೆ, ಸ್ವಲ್ಪ ಆರಿದರೆ ಸಾಕು, ಗಟ್ಟಿಯಾಗಿ ಬಿಡುತ್ತದೆ. ನಮ್ಮ ಮೊದಲ ಬಗೆ ಸಂತ್ರದ್ದು, ಕಿತ್ತಳೆಯದು; ಅದರ ರಸವನ್ನು ಇದರೊಡನೆ ಕುದಿಸಿದರೆ ರಸ ಕಹಿಯಾಗುತ್ತದೆ. ಆರಿಸಿ ಬೆರೆಸಿದರೆ ಗಂಟು ಕಟ್ಟುತ್ತದೆ. ಈ ಎರಡರ ನಡುವೆ ಒಂದು ಸಣ್ಣ ಸಂದು ಇದೆ, ಪಾತ್ರೆಯ ಹೊರಮೈಗೆ ಅಂಗೈ ಹಚ್ಚಿ ತಟ್ಟನೆ ತೆಗೆಯಬೇಕಾದಷ್ಟು ಬಿಸಿ. ಆ ಹೊತ್ತಿಗೆ ರಸ ಸುರಿದು, ಕೂಡಲೇ ಅಚ್ಚುಗಳಿಗೆ ತುಂಬಿ, ಅಚ್ಚುಗಳನ್ನು ಕೊರೆಯುವ ಉಪ್ಪುನೀರಿನ ತೊಟ್ಟಿಗೆ ಇಳಿಸಬೇಕು. ಎರಡನೆಯ ಬಗೆಗೆ ಕೋಕಂ ಎಂಬ ಮುರುಗಲ ಹಣ್ಣಿನ ಉಪ್ಪು ಹಾಕದ ಸಿಪ್ಪೆ ನೆನೆಸಿ ತೆಗೆದ ನೀರು. ಅದಕ್ಕೆ ಬಣ್ಣವೂ ಬೇಡ, ಆಸಿಡ್ಡೂ ಬೇಡ. ಹೊದಿಕೆಯ ಮೇಲೆ ಮರಾಠಿಯಲ್ಲಿ ಅಚ್ಚಾಯಿತು: ನೀರು, ಸಕ್ಕರೆ, ಹಣ್ಣಿನ ರಸ, ಚೀನಾ ಗ್ರಾಸ್. ಅದರ ಕೆಳಗೆ ದಪ್ಪಕ್ಷರದಲ್ಲಿ, ಉಪವಾಸಕ್ಕೆ ನಡೆಯುತ್ತದೆ. ಆ ನಾಲ್ಕು ಹೆಸರಿನ ಸಾಲು ನನ್ನದು. ಅಚ್ಚಾಗಿ ಬಂದ ಮೇಣಗಾಗದವನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ನನ್ನ ಪರೀಕ್ಷೆಯ ಸರ್ಟಿಫಿಕೇಟನ್ನೂ ಹಾಗೆ ನೋಡಿರಲಿಲ್ಲ.

ಸೂಪರ್‌ವೈಸರ್ ಉಡುಪಿ ಕಡೆಯವರು, ಸಜ್ಜನರು. ಅವರಿಗೆ ಈ ಪಾಕ ಒಂದು ಶಿಕ್ಷೆಯಾಯಿತು. ಕರಗದ ಎಳೆ ತುಂಬುವ ನಳಿಕೆಗೆ ಸಿಕ್ಕಿಕೊಳ್ಳುತ್ತಿತ್ತು. ವಿಮಾನ ನೋಡುತ್ತ ಯಾರಾದರೂ ಒಂದು ನಿಮಿಷ ಕೈಬಿಟ್ಟರೆ ಪಾತ್ರೆಯಲ್ಲೇ ಗಟ್ಟಿ. ಶಿವರಾತ್ರಿ ಹತ್ತಿರ ಬರುತ್ತಿತ್ತು, ಶೀತಕೋಣೆ ಅರ್ಧವೂ ತುಂಬಿರಲಿಲ್ಲ. ಎಳೆಯ ಬದಲು ಪುಡಿ ಸಿಗುತ್ತದಂತೆ, ತರಿಸಲೇ ಎಂದು ಅವರು ನನ್ನನ್ನು ಕೇಳಿದರು. ಚೀನಾ ಗ್ರಾಸಿನ ಪುಡಿ ಇರುವುದು ನನಗೂ ಗೊತ್ತಿತ್ತು. ತರಿಸಿ ಎಂದೆ. ಆ ವಾರ ಹೆಚ್ಚಿನ ಹೊತ್ತು ನಾನು ಸಂತ್ರದ ರಸದ ಹುಳಿ ಅಳೆಯುವುದರಲ್ಲಿದ್ದೆ.

ಶಿವರಾತ್ರಿಯ ಹಿಂದಿನ ದಿನ ಮಧ್ಯಾಹ್ನ ಪಾಕದ ಕೋಣೆಗೆ ಹೋದೆ. ಕೆಲಸ ಸಲೀಸಾಗಿ ನಡೆದಿತ್ತು. ಒಲೆಯ ಮೇಲೆ ಏನೂ ಕುದಿಯುತ್ತಿರಲಿಲ್ಲ. ಕೈ ಅದ್ದಬಹುದಾದಷ್ಟು ಬೆಚ್ಚಗಿನ ನೀರಿಗೆ ಪುಡಿ ಉದುರಿಸಿ ಒಬ್ಬ ಕದಡುತ್ತಿದ್ದ, ಪುಡಿ ಕರಗುತ್ತಿತ್ತು. ನಾನು ಅಲ್ಲೇ ನಿಂತೆ. ಚೀನಾ ಗ್ರಾಸ್ ಎಳೆಯಾಗಿರಲಿ ಪುಡಿಯಾಗಿರಲಿ, ಬೆಚ್ಚಗಿನ ನೀರಿಗೆ ಕರಗುವುದಿಲ್ಲ.

“ಎಂತ ಮೇಡಂ, ಎಷ್ಟು ಬೇಗ ಕರಗ್ತದೆ ನೋಡಿ. ಮೊದಲೇ ಇದನ್ನು ತರಿಸ್ಬೇಕಿತ್ತು ಅಲ್ವಾ,” ಎಂದರು ಸೂಪರ್‌ವೈಸರ್. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಇತ್ತು.

ಒಂದು ಚಮಚ ಪುಡಿಯನ್ನು ಕಾಗದದಲ್ಲಿ ಮಡಚಿಕೊಂಡು ಕೋಣೆಗೆ ಬಂದೆ. ಕರಗಿಸಿ, ಐಸಿನ ಮೇಲಿಟ್ಟು ಗಟ್ಟಿಮಾಡಿ, ಆ ಬೀಕರನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡೆ. ಮೈಶಾಖಕ್ಕೇ ಅಂಚು ಸಡಿಲವಾಗಿ ನೀರಾಯಿತು. ಚೀನಾ ಗ್ರಾಸಾಗಿದ್ದರೆ ಬಿಸಿಲಿಗಿಟ್ಟರೂ ಕಲ್ಲಿನಂತೆ ಕೂರುತ್ತಿತ್ತು. ಚಿಟಿಕೆ ಪುಡಿಯನ್ನು ಚಮಚದಲ್ಲಿಟ್ಟು ಸುಟ್ಟೆ. ಕ್ಷೌರದಂಗಡಿಯ ಕಸಕ್ಕೆ ಬೆಂಕಿ ಬಿದ್ದ ಹಾಗೆ ವಾಸನೆ, ಸುಟ್ಟ ಕೂದಲು. ಕೊನೆಗೆ ದ್ರಾವಣಕ್ಕೆ ಕ್ಷಾರ ಹಾಕಿ ಮೈಲುತುತ್ತದ ನೀಲಿ ನೀರನ್ನು ಹನಿಹನಿಯಾಗಿ ಬಿಟ್ಟೆ. ನೀಲಿ ನೇರಳೆಯಾಯಿತು, ಎಂದರೆ ಇದರಲ್ಲಿ ಪ್ರೋಟೀನ್ ಇದೆ, ಪಾಚಿಯ ಎಳೆಯಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಮತ್ತೆ ಮಾಡಿದೆ. ಮತ್ತೆ ಮಾಡಿದೆ. ಜೆಲಟಿನ್. ದನದ ಮೂಳೆ, ಚರ್ಮ ಬೇಯಿಸಿ ತೆಗೆಯುವ ಅಂಟು, ಸರಸು.

ಜೆಲಟಿನ್ ವಿಷವಲ್ಲ. ಅದನ್ನು ತಿನ್ನಬಾರದೆಂದು ಕಾನೂನು ಹೇಳುವುದಿಲ್ಲ. ಔಷಧದ ಕ್ಯಾಪ್ಸೂಲುಗಳಲ್ಲಿ ಅದೇ ಇದೆ. ಇವೆಲ್ಲ ನನಗೆ ಗೊತ್ತಿತ್ತು. ಮಾಲೀಕರು ಆಮೇಲೆ ನೆನಪಿಸಬೇಕಾಗಿರಲಿಲ್ಲ. ಆದರೆ ಹೊದಿಕೆಯ ಮೇಲಿನ ಸಾಲಿನಲ್ಲಿ ಅದು ಇರಲಿಲ್ಲ.

ಸೂಪರ್‌ವೈಸರನ್ನು ಕರೆದು ನೇರಳೆ ಬಣ್ಣ ತೋರಿಸಿದೆ. ಅವರ ನಗು ಇಳಿಯಿತು. ಚೀನಾ ಗ್ರಾಸಿನ ಪುಡಿ ಎಂದೇ ಕೊಟ್ಟದ್ದು, ಚೀಲದ ಮೇಲೆ ಏನೂ ಬರೆದಿರಲಿಲ್ಲ, ಮಾಲೀಕರೇ ಫೋನ್ ಮಾಡಿ ತರಿಸಿದ್ದು ಎಂದರು. ಎಲ್ಲಿಂದ ಎಂದು ಕೇಳಿದೆ. ತನಗೆ ಗೊತ್ತಿಲ್ಲ ಎಂದರು. ನನಗೆ ಅದು ನಿಜವೆನಿಸಿತು.

ಮಾಲೀಕರು ಬಂದು ಬೀಕರನ್ನು ಎತ್ತಿ ನೋಡಿ ಕೆಳಗಿಟ್ಟರು. ತಾವೂ ಶುದ್ಧ ಶಾಕಾಹಾರಿ, ಬೇಕೆಂದು ಮಾಡಿದ್ದಲ್ಲ, ಆದರೆ ಶೀತಕೋಣೆ ತುಂಬಿದೆ, ಬೆಳಗಾದರೆ ಗಾಡಿಗಳು ಬಾಗಿಲಲ್ಲಿ ನಿಲ್ಲುತ್ತವೆ, ಈ ವರ್ಷದ ಮಟ್ಟಿಗೆ ಹೋಗಲಿ ಎಂದರು. ಹೊದಿಕೆ ಬಿಚ್ಚಿಸಿ ಎಂದೆ. ಸಾಧ್ಯವಿಲ್ಲ ಎಂದರು. ಆಮೇಲೆ ಸ್ವಲ್ಪ ನಗುತ್ತ, ಮಕ್ಕಳಿಗೆ ಹೇಳುವಂತೆ ಹೇಳಿದರು: “ಬೆಹನ್, ಚಖ್ ಕೇ ಕೌನ್ ಬತಾಯೇಗಾ?” ರುಚಿ ನೋಡಿ ಯಾರು ಹೇಳುತ್ತಾರೆ?

“ಮೈ ಬತಾವೂಂಗೀ,” ಎಂದೆ. ನಾನು ಹೇಳುತ್ತೇನೆ. ಇದನ್ನು ಹೇಳಿದೆನೋ, ಹೇಳಬೇಕಿತ್ತೆಂದು ಲೋಕಲ್ ರೈಲಿನಲ್ಲಿ ಕೂತಾಗ ಅಂದುಕೊಂಡೆನೋ, ಖಾತ್ರಿಯಿಲ್ಲ. ಕೀಲಿ ಕೇಳಿದರು, ಬೆಳಿಗ್ಗೆ ನೋಡೋಣ ಎಂದು ಹೊರಟೆ ಎಂಬುದು ಮಾತ್ರ ಖಾತ್ರಿ. ಬೆಳಗಿನೊಳಗೆ ತಣ್ಣಗಾಗುತ್ತಾಳೆ ಎಂದು ಅವರು ಸುಮ್ಮನಾಗಿರಬೇಕು.

ಸಂಜೆ ಕಾಕಾ ಚಹಾ ಕುಡಿಯುತ್ತ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಸಮಾಧಾನ ಹೇಳುತ್ತಾರೆ, ಗಿರಾಕಿಯ ಕಷ್ಟ ವಿವರಿಸುತ್ತಾರೆ, ಕೊನೆಗೆ ಹೊಂದಿಕೊಂಡು ಹೋಗು ಎನ್ನುತ್ತಾರೆ ಎಂದುಕೊಂಡಿದ್ದೆ. ಕಾದಾಡಲು ತಯಾರಾಗಿಯೇ ಬಂದಿದ್ದೆ. ಅವರು ಪುಡಿ ತಂದಿದ್ದೀಯಾ ಎಂದು ಕೇಳಿದರು. ಕಾಗದದ ಮಡಿಕೆ ಬಿಚ್ಚಿದೆ. ಚಿಟಿಕೆ ತೆಗೆದು ಹೆಬ್ಬೆರಳಿಂದ ಉಜ್ಜಿದರು, ಮೂಗಿಗೆ ಹಿಡಿದರು. ಎದ್ದು ಹೋಗಿ ಸಾಬೂನು ಹಚ್ಚಿ ಕೈ ತೊಳೆದರು. ಬಹಳ ಹೊತ್ತು ತೊಳೆದರು. ಮೂಳೆಯ ಪುಡಿ ಮುಟ್ಟಿದ್ದಕ್ಕೆ ಎಂದು ನಾನು ತಿಳಿದೆ, ಮರುದಿನ ಶಿವರಾತ್ರಿ ಬೇರೆ.

ಟವೆಲ್ಲಿನಿಂದ ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತ ಕೇಳಿದರು, “ಕೀಲಿ ನಿನ್ನ ಹತ್ರ ಅದಲ್ಲ, ತಂಗಿ?”

“ಹೂಂ.”

“ಕೊಡಬ್ಯಾಡ.”

“ಕೆಲಸ ಹೋಗ್ತದ್ರಿ ಕಾಕಾ.”

“ಹೋಗ್ಲಿ. ನಿನ್ನ ಹೆಸರೀಲೆ ಹೋಗಬಾರ್ದು ಅದು. ಕೊಡಬ್ಯಾಡ.”

ಒಳಗಿನಿಂದ ಕಾಕೂ, “ಇವ್ರಿಗೆ ಇವತ್ತು ಏನಾಗೇದ?” ಎಂದು ಇಣುಕಿದರು. ಅಷ್ಟು ವರ್ಷಗಳಲ್ಲಿ ಕಾಕಾ ಬೇಡ ಎಂಬ ಮಾತನ್ನು ಎರಡು ಸಲ ಹೇಳಿದ್ದನ್ನು ಅವರೂ ಕೇಳಿರಲಿಲ್ಲ.

ಬೆಳಿಗ್ಗೆ ನಾನು ಕಾರ್ಖಾನೆ ಮುಟ್ಟುವ ಹೊತ್ತಿಗೆ ಗೇಟಿನ ಹೊರಗೆ ತಳ್ಳುಗಾಡಿಗಳು ಸಾಲಾಗಿ ನಿಂತಿದ್ದವು. ಪ್ಯಾಕಿಂಗಿನ ಹೆಂಗಸರು ಸ್ನಾನ ಮಾಡಿ, ಹೂ ಮುಡಿದು ಬಂದಿದ್ದರು. ಗಾಡಿಗಳಿಗೆ ಮಾಲು ತುಂಬಿಸಿದ ಮೇಲೆ ರಜೆ, ಜೊತೆಗೆ ತಲೆಗೊಂದು ಕ್ಯಾಂಡಿ ಎಂದು ಮಾಲೀಕರು ಹೇಳಿದ್ದರು. ಸೂಪರ್‌ವೈಸರ್ ತಮ್ಮ ಬೀಗ ತೆಗೆದಿದ್ದರು. ನನ್ನದು ನೇತಾಡುತ್ತಿತ್ತು. ಕೀಲಿ ಕೊಡುವುದಿಲ್ಲ ಎಂದೆ. ಮಾಲೀಕರು ಐಸು ಒಡೆಯುವ ಸಲಾಕೆ ತರಲು ಸೂಪರ್‌ವೈಸರಿಗೆ ಹೇಳಿದರು.

“ಎರಡು ಬೀಗ ಇಟ್ಟದ್ದು ನೀವೇ ಅಲ್ವಾ,” ಎಂದು ಅವರು ಕನ್ನಡದಲ್ಲಿ ಗೊಣಗಿದರು. ಮಾಲೀಕರಿಗೆ ಅರ್ಥವಾಗದ ಭಾಷೆ, ನನಗಾಗಿಯೇ ಆಡಿದ್ದಿರಬೇಕು. ಆಮೇಲೆ ಸಲಾಕೆ ತೂರಿಸಿ ತಿರುಚಿದರು. ಕೊಂಡಿ ಕಿತ್ತು ಬಂತು.

ಕೀಲಿ ನನ್ನ ಸೊಂಟದಲ್ಲೇ ಇತ್ತು. ಬಾಗಿಲು ತೆರೆದಿತ್ತು. ತಣ್ಣನೆಯ ಹೊಗೆ ಹೊರಬಂದು ನನ್ನ ಕಾಲು ಸುತ್ತಿಕೊಂಡಿತು. ಒಂದು ಸಣ್ಣ ಕಬ್ಬಿಣದ ತುಂಡನ್ನು ಅಷ್ಟು ದಿನ ಅಧಿಕಾರ ಎಂದು ನಂಬಿದ್ದೆನಲ್ಲ ಎಂದು ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಕೋಣೆಗೆ ಹೋಗಿ ಹಿಂದಿನ ದಿನದ ನೇರಳೆ ಬೀಕರನ್ನು ತೆಗೆದುಕೊಂಡು ನೇರ ಪ್ಯಾಕಿಂಗ್ ಹಾಲಿಗೆ ನಡೆದೆ.

ಅಲ್ಲಿ ಹಿರಿಯಳು ಇಂಡಿ ಕಡೆಯ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಮರಾಠಿಯಲ್ಲಿ ಮಾವಶಿ, ಚಿಕ್ಕಮ್ಮ ಎನ್ನುತ್ತಿದ್ದರು. ಅವಳ ಮುಂದೆ ಬೀಕರ್ ಇಟ್ಟು ಹೇಳಿದೆ. ಈ ಕ್ಯಾಂಡಿಯಲ್ಲಿ ಚೀನಾ ಗ್ರಾಸ್ ಇಲ್ಲ. ಮೂಳೆಯ ಸರಸು ಇದೆ. ಹೊರಗೆ ಬರೆದದ್ದು ಸುಳ್ಳು. ಅವಳು ಬೀಕರ್ ನೋಡಲಿಲ್ಲ, ನನ್ನ ಮುಖ ನೋಡಿದಳು.

“ಬಾಯಾರ, ನಿಮಗಿವತ್ತ ಉಪಾಸ ಐತೇನ್ರಿ?”

“ಇಲ್ಲ. ನಾ ಮಾಡಂಗಿಲ್ಲ.”

“ಮುಂಜಾನೆ ಏನ್ ತಿಂದ್ ಬಂದೀರಿ?”

“ಅವಲಕ್ಕಿ.”

ಅಕ್ಕಿಯದು ಈ ಊರಿನ ಉಪವಾಸಕ್ಕೆ ನಡೆಯುವುದಿಲ್ಲ, ಹೆಂಗಸರು ನಕ್ಕರು. ಮಾವಶಿ ನಗಲಿಲ್ಲ. “ಉಪಾಸ ನಮ್ದು, ಸಿಟ್ಟು ನಿಮ್ದು. ಅದ್ಯಾಕ್ರಿ ಹಂಗ?”

“ಮಾಡೋದು ಬಿಡೋದು ನಿಮಗ ಸೇರಿದ್ದು,” ಎಂದೆ. “ಒಳಗೇನದ ಅಂತ ಹೇಳೂದು ನನ್ನ ಕೆಲಸ. ನಾ ಹೇಳಿದ್ದಕ್ಕ ನೀವು ನಂಬ್ತೀರಿ. ಈ ಚೀಟೀನೂ ನಾನ ಬರಸೇನಿ.”

ಅವಳು ಆಗಷ್ಟೇ ಶೀತಕೋಣೆಯಿಂದ ಬಂದ ತಟ್ಟೆಯಿಂದ ಒಂದು ಕ್ಯಾಂಡಿಯನ್ನು ಎತ್ತಿ, ಅಚ್ಚಿನ ಸಾಲಿನ ಮೇಲೆ ಬೆರಳಾಡಿಸಿದಳು. ಓದು ಬರುತ್ತಿರಲಿಲ್ಲ. “ಇದಾ ಏನು ನಿಮ್ದು?” ಎಂದಳು. ಹೌದು ಎಂದೆ. ಅದನ್ನು ಡಬ್ಬಿಗೆ ಹಾಕದೆ ಮೇಜಿನ ಮೇಲೆಯೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಉಳಿದವರಿಗೆ ಮರಾಠಿಯಲ್ಲಿ ಏನೋ ಹೇಳಿದಳು. ಒಬ್ಬೊಬ್ಬರಾಗಿ ಎದ್ದರು. ಕಲೀನಾದ ಕ್ರಿಶ್ಚಿಯನ್ ಹೆಂಗಸೊಬ್ಬಳು ಮಾತ್ರ ಕೂತಿದ್ದಳು. ಅವಳಿಗೇನು ಎಂದು ಮಾಲೀಕರು ಅವಳ ಕಡೆ ಆಸೆಯಿಂದ ತಿರುಗಿದರು. ಅವಳು ಕಡ್ಡಿಗಳ ಕಟ್ಟನ್ನು ಪಕ್ಕಕ್ಕೆ ತಳ್ಳಿದಳು. “ಹಮಾರಾ ಭೀ ಲೆಂಟ್ ಚಾಲೂ ಹೈ, ಬಾಬಾ. ಹಮ್ಕೋ ಭೀ ಹಡ್ಡೀ ನಕೋ.” ಈಸ್ಟರಿಗೆ ಮೊದಲಿನ ಅವರ ಉಪವಾಸವೂ ನಡೆದಿತ್ತು, ಅವಳಿಗೂ ಮೂಳೆ ಬೇಡ.

ಸುದ್ದಿ ಗೇಟಿಗೆ ಹೋಗಲು ಯಾರೂ ಒಯ್ಯಬೇಕಾಗಿರಲಿಲ್ಲ. ಗಾಡಿಯವರು ಒಳಗೆ ಬಂದರು. ಅವರದು ಭಕ್ತಿಗಿಂತ ಹೆಚ್ಚಾಗಿ ಲೆಕ್ಕಾಚಾರ. ಮುಂದಾಳಿನಂತಿದ್ದವನು ಶಾಂತವಾಗಿ ಕೇಳಿದ, “ಮಂದಿರ್ ಕೇ ಸಾಮ್ನೇ ಮಾರ್ ಕೌನ್ ಖಾಯೇಗಾ, ಸೇಠ್? ಆಪ್?” ಗುಡಿಯ ಮುಂದೆ ಒದೆ ತಿನ್ನುವವರು ಯಾರು? ಖಾಲಿ ಗಾಡಿಗಳು ಒಂದರ ಹಿಂದೊಂದು ತ್ರಾಸಿನಿಂದ ತಿರುಗಿಕೊಂಡು ಹೋದವು.

ಮಾಮೂಲಿ ಹೊದಿಕೆಯಲ್ಲಿ ಸುತ್ತಿಸೋಣ ಎಂದು ಮಾಲೀಕರು ಪ್ರಯತ್ನಿಸಿದರು. ಮುಟ್ಟುವ ಕೈ ಸಿಗಲಿಲ್ಲ. ಬಿಸಿಲು ಏರಿದ ಮೇಲೆ ಸೂಪರ್‌ವೈಸರ್ ತಾವೇ ತಟ್ಟೆ ತಟ್ಟೆ ತಂದು ತೊಳೆಯುವ ಅಂಗಳದಲ್ಲಿ ಸುರಿದರು. ಸಂತ್ರದ್ದೂ ಕೋಕಂನದೂ ಕೂಡಿ ಹರಿದವು. ಆಗ ಅದರ ಬಣ್ಣ ಯಾವುದಿತ್ತು ಎಂದು ನನ್ನೊಳಗೆ ಇಬ್ಬರು ಜಗಳವಾಡುತ್ತಲೇ ಇದ್ದಾರೆ. ಮೇಣಗಾಗದ ಮಾತ್ರ ಕರಗಲಿಲ್ಲ. ಜಾಲರಿಗೆ ಸಿಕ್ಕಿಕೊಂಡು ನನ್ನ ಸಾಲು ಬಹಳ ಹೊತ್ತು ಅಲ್ಲೇ ಇತ್ತು.

ನಾಳೆಯಿಂದ ಬರಬೇಡಿ ಎಂದರು ಮಾಲೀಕರು. ಬರುವುದಿಲ್ಲ, ಆದರೆ ಉಳಿದ ಹೊದಿಕೆ ಸುಡಿಸಿ ಎಂದೆ. ಆ ಹೊದಿಕೆ ಎಂದಾದರೂ ಬಜಾರಿನಲ್ಲಿ ಕಂಡರೆ, ಒಂದು ಬಾಟಲಿ ಸ್ಯಾಂಪಲ್ ನನ್ನ ಬಳಿ ಇದೆ, ಮುನಿಸಿಪಾಲಿಟಿಯ ಇನ್ಸ್‌ಪೆಕ್ಟರಿಗೆ ಕೊಡುತ್ತೇನೆ ಎಂದೆ. ಅವತ್ತೇ ಸುಡಿಸಿದರು. ಮೇಣ ಉರಿಯುವ ವಾಸನೆ ಬರುವವರೆಗೆ ನಾನು ಗೇಟಿನಿಂದ ಕದಲಲಿಲ್ಲ.

ಆಮೇಲೆ ನನ್ನನ್ನು ನಾನೇ ಬಹಳ ಕೇಳಿಕೊಂಡಿದ್ದೇನೆ. ನಾನು ನಂಬದ ಉಪವಾಸವನ್ನು ಸಲಾಕೆಯ ಹಾಗೆ ಬಳಸಿದೆನೇ? ಬೀಗ ಮುರಿದಾಗ ಇನ್ನೊಬ್ಬರ ಭಕ್ತಿಗೆ ಕೈ ಹಾಕಿದೆನೇ? ಗುಡಿಯ ಮುಂದಿನ ಏಟಿನ ಭಯವೇ ಕೊನೆಗೆ ಗೆದ್ದದ್ದು ಎಂಬುದೂ ನಿಜ. ಇದನ್ನೆಲ್ಲ ಒಪ್ಪಿಕೊಂಡ ಮೇಲೂ ಮನಸ್ಸು ಬಗ್ಗುವುದಿಲ್ಲ. ಪ್ಯಾಕಿಂಗ್ ಹಾಲಿಗೆ ಹೋಗದೆ ಮನೆಗೆ ಹೋಗಿದ್ದರೆ ನನ್ನ ಕೈ ಶುದ್ಧವಾಗಿರುತ್ತಿತ್ತು, ಕ್ಯಾಂಡಿಗಳು ಗುಡಿ ಸೇರಿರುತ್ತಿದ್ದವು. ನಾಳೆ ಮತ್ತೆ ಬೀಗ ಮುರಿದರೆ ಮತ್ತೆ ಹಾಲಿಗೇ ಹೋಗುತ್ತೇನೆ. ಆಗಲೂ ಅವಲಕ್ಕಿ ತಿಂದೇ ಹೋಗುತ್ತೇನೆ.

ಕಾರ್ಖಾನೆಯವರು ಕಾಕಾ ಅಂಗಡಿಯಿಂದ ಖರೀದಿ ನಿಲ್ಲಿಸಿದರು. ನನ್ನ ಮೇಲಿನ ಸಿಟ್ಟಿಗೆ ಎಂದು ಎಲ್ಲರೂ ತಿಳಿದೆವು. ಸ್ವಲ್ಪ ದಿನಗಳಲ್ಲಿ ಅಂಗಡಿಯಲ್ಲಿ ಕಾಕಾರನ್ನು ಹಿಂದಿನ ಗೋದಾಮಿಗೆ ಹಾಕಿದರು. ಯಾಕೆಂದು ಅವರು ಮನೆಯಲ್ಲಿ ಹೇಳಲಿಲ್ಲ. ನನಗೆ ಬೇರೆ ಕಡೆ ಕೆಲಸ ಸಿಕ್ಕಿತು.

ಕಳೆದ ಬೇಸಿಗೆಯಲ್ಲಿ ಕಾಕೂ ಮಾವಿನ ಉಪ್ಪಿನಕಾಯಿ ಹಾಕಿದರು. ಭರಣಿಯ ಬಾಯಿಗೆ ಬಟ್ಟೆ ಕಟ್ಟುವುದು ಯಾವಾಗಲೂ ಕಾಕಾ ಕೆಲಸ. ಸುತಳಿಯನ್ನು ಎರಡು ಸುತ್ತು ಸುತ್ತಿ, ತುದಿಯನ್ನು ಸುತ್ತಿನ ಅಡಿಯಿಂದ ಎಳೆದು, ಮೇಲೆ ಕಿವಿಯಂತೆ ಒಂದು ಕುಣಿಕೆ ಬಿಡುತ್ತಾರೆ. ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಅಂಗಡಿಯಲ್ಲಿ ಚೀಲ ಕಟ್ಟಿ ಕಟ್ಟಿ ಬಂದ ಕೈಚಳಕ. ಅವರು ಕಟ್ಟುವುದನ್ನು ನೋಡುತ್ತ ನಿಂತಾಗ, ಅಂದು ಪಾಕದ ಕೋಣೆಯ ಮೂಲೆಯಲ್ಲಿದ್ದ ಆ ಹೆಸರಿಲ್ಲದ ಪುಡಿಯ ಚೀಲ ನನ್ನ ಕಣ್ಣ ಮುಂದೆ ಬಂತು. ಅದರ ಬಾಯಿಗೆ ಅದೇ ಗಂಟು, ಅದೇ ಕಿವಿ.

ದಿನಚರಿ ತೆಗೆದು ನೋಡಿದೆ. ಗಂಟಿನ ಮಾತು ಇಲ್ಲ. ಅವತ್ತು ನಿಜವಾಗಿ ನೋಡಿದ್ದೆನೋ, ಇಷ್ಟು ದಿನದ ಮೇಲೆ ಭರಣಿಯ ಗಂಟನ್ನು ಒಯ್ದು ಆ ಚೀಲಕ್ಕೆ ನಾನೇ ಕಟ್ಟಿದೆನೋ ಹೇಳಲಾರೆ. ಆ ಮಡಿಕೆಯ ಪುಡಿಯನ್ನು ಅವರು ಉಜ್ಜಿದ್ದು, ಕೈ ತೊಳೆದದ್ದು, ಆಮೇಲೆ ಎರಡು ಸಲ ಬೇಡ ಎಂದದ್ದು ಮಾತ್ರ ದಿನಚರಿಯಲ್ಲಿದೆ, ನನ್ನ ಕಣ್ಣಲ್ಲೂ ಇದೆ.

ಮರುದಿನ ಅವರು ಬಾಲ್ಕನಿಯಲ್ಲಿ ಒಬ್ಬರೇ ಕೂತಿದ್ದಾಗ ಹತ್ತಿರ ಹೋಗಿ ಕೇಳಿದೆ. ಕೆಳಗೆ ರಸ್ತೆಯಲ್ಲಿ ಕ್ಯಾಂಡಿಯವನು ಗಂಟೆ ಬಾರಿಸುತ್ತಿದ್ದ. ಅವರು ಅದನ್ನು ಕೇಳುತ್ತ ಕೂತಿದ್ದರು, ಈಗಲೂ ಹಾಗೇ ಕೂರುತ್ತಾರೆ. ನಾನು ಕೇಳಿದ್ದು ಇಷ್ಟೇ:

“ಕಾಕಾ, ಕೀಲಿ ಕೊಡಬ್ಯಾಡ ಅಂತ ನನಗ ಹೇಳಿದಾಗ, ಆ ಚೀಲ ಕಟ್ಟಿದ ಕೈ ಯಾರ್ದು ಅಂತ ನಿಮಗ ಗೊತ್ತಿತ್ತೇನ್ರಿ?”